ಒಳಗೆ ಯಾರ್ಯಾರಿದ್ದಾರೆ?

ಬೆಳಿಗ್ಗೆ 11:20ಕ್ಕೆ ಸೈರನ್ ಕೂಗಿತು. ನಿಜವಾದ ಬೆಂಕಿ ಏನಲ್ಲ, ಆರು ತಿಂಗಳಿಗೊಮ್ಮೆ ಮಾಡುವ ಮಾಕ್ ಡ್ರಿಲ್. ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಗೆ, ಅಂದರೆ ಆಲ್ಕೋಹಾಲ್ ಮಾಡುವ ಘಟಕಕ್ಕೆ, ನಾನು ಸೇಫ್ಟಿ ಆಫೀಸರ್ ಆಗಿ ಸೇರಿ ಎರಡು ತಿಂಗಳಾಗಿತ್ತು. ಕಬ್ಬು ನುರಿಸುವ ಹಂಗಾಮು ಮುಗಿದು ರಿಪೇರಿ ಕೆಲಸ ಶುರುವಾಗಿತ್ತು. ಎಲ್ಲರೂ ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ ಬಂದು ನಿಲ್ಲಬೇಕು, ನಾನು ಎಣಿಸಬೇಕು. ಅಷ್ಟೇ ಕೆಲಸ.

ಗೇಟಿನ ರಿಜಿಸ್ಟರ್‌ನಲ್ಲಿ 38 ಜನ ಇದ್ದರು. ಮರದ ಕೆಳಗೆ 34 ಜನ ನಿಂತಿದ್ದರು. ನಾಲ್ವರು ಎಲ್ಲಿ ಅಂತ ಹೆಸರು ಕೂಗುತ್ತಾ ಹೋದೆ. ಆಗ ಇನ್ನೊಂದು ವಿಷಯ ಗೊತ್ತಾಯಿತು. ಅಲ್ಲಿ ನಿಂತಿದ್ದವರಲ್ಲಿ ಮೂವರ ಹೆಸರು ರಿಜಿಸ್ಟರ್‌ನಲ್ಲೇ ಇರಲಿಲ್ಲ. ಕಸ ಗುಡಿಸಲು ಬರುವ ಹೆಣ್ಣುಮಕ್ಕಳು ಅವರು. ಅವರ ಹೆಸರು ಬರೆಯಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಅಂದರೆ ಕಾಣೆಯಾದವರು ನಾಲ್ವರಲ್ಲ, ಏಳು ಜನ.

ಫೈರ್ ಟೀಮಿನ ಹಿರಿಯರು ನನ್ನ ಹತ್ತಿರ ಬಂದು ಕೇಳಿದರು, "ಸಾಹೇಬ್ರ, ಒಳಗ ಯಾರ್ಯಾರು ಅದಾರ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜವಾದ ಬೆಂಕಿ ಆಗಿದ್ದರೆ ಆ ಪ್ರಶ್ನೆಗೆ ಸಿಗುವ ಉತ್ತರ ನೋಡಿಕೊಂಡು ಅವರು ಒಳಗೆ ನುಗ್ಗುತ್ತಿದ್ದರು. ಎಲ್ಲಿಗೆ ನುಗ್ಗಬೇಕು, ಯಾರಿಗಾಗಿ ನುಗ್ಗಬೇಕು?

ಏಳು ಜನರಲ್ಲಿ ನಾಲ್ವರು ಕಬ್ಬಿನ ಯಾರ್ಡ್ ಗೇಟಿನಿಂದ ಚಹಾ ಕುಡಿಯಲು ಹೋಗಿದ್ದರು. ಇಬ್ಬರು ಕಂಟ್ರೋಲ್ ರೂಮಿನಲ್ಲಿದ್ದರು, ಎಸಿ ಸದ್ದಿಗೆ ಸೈರನ್ ಕೇಳಿರಲಿಲ್ಲ. ಕೊನೆಯವನು ಸಿಕ್ಕಿದ್ದು 52 ನಿಮಿಷದ ನಂತರ. ಕೊಳೆ ನೀರು ಶುದ್ಧ ಮಾಡುವ ಎಫ್ಲುಯೆಂಟ್ ಪ್ಲಾಂಟಿನ ಹಿಂದೆ ಮೂರು ಮೀಟರ್ ಆಳದ ಪಂಪ್ ಗುಂಡಿಯಲ್ಲಿ ಪಂಪ್ ಸೋರದಂತೆ ಹಾಕುವ ಗ್ಲ್ಯಾಂಡ್ ಪ್ಯಾಕಿಂಗ್ ಬದಲಿಸುತ್ತಿದ್ದ. ಇಪ್ಪತ್ತೆರಡು ವರ್ಷದ ಹುಡುಗ, ಒಬ್ಬನೇ. ಪಕ್ಕದ ಮೋಟರಿನ ಸದ್ದಿನಲ್ಲಿ ಅವನಿಗೂ ಏನೂ ಕೇಳಿಸಿರಲಿಲ್ಲ. ನಾವು ಬಗ್ಗಿ ನೋಡಿದಾಗ ತಲೆ ಎತ್ತಿ ನಕ್ಕ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಗುಂಡಿ ಎಂಥದ್ದು ಅಂತ ಹೇಳಿದರೆ ನಿಮಗೂ ಅರ್ಥವಾಗುತ್ತದೆ. ಡಿಸ್ಟಿಲರಿಯ ಕೊಳೆ ನೀರಿಗೆ ಸ್ಪೆಂಟ್ ವಾಶ್ ಅಂತಾರೆ. ಅದು ಕೊಳೆತಾಗ ಮೀಥೇನ್ ಜೊತೆಗೆ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಸುಮಾರು 100 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು, ದಾಟಿದರೆ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರುವುದಿಲ್ಲ. ಗಾಳಿಗಿಂತ ಭಾರ, ಹಾಗಾಗಿ ಗುಂಡಿಯ ತಳದಲ್ಲೇ ಕೂರುತ್ತದೆ. ವಾಸನೆ ಹೋಯಿತು, ಈಗ ಪರವಾಗಿಲ್ಲ ಅಂದುಕೊಂಡು ಕೆಲಸ ಮುಂದುವರಿಸಿದವನು ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ಇಂಥ ಜಾಗಗಳಲ್ಲಿ ಸತ್ತವರ ಪೈಕಿ ಎಷ್ಟೋ ಜನ ಕೆಲಸಕ್ಕೆ ಇಳಿದವರಲ್ಲ, ಉಳಿಸಲು ಇಳಿದವರು. ಒಳಗೆ ಯಾರಿದ್ದಾರೆ ಅಂತ ಮೊದಲೇ ಗೊತ್ತಿರಬೇಕು ಅನ್ನುವುದು ಅದಕ್ಕೇ.

ಮರುದಿನ ರಿಜಿಸ್ಟರ್ ತೆಗೆದು ಹಿಂದಿನ ಪುಟಗಳನ್ನೆಲ್ಲ ನೋಡಿದೆ. "ಮೇಸ್ತ್ರಿ + 6". "ವೆಲ್ಡಿಂಗ್ ಪಾರ್ಟಿ + 4". ಗುತ್ತಿಗೆದಾರರ ಕಡೆಯ ಒಬ್ಬ ಸಹಿ ಹಾಕುತ್ತಾನೆ, ಉಳಿದವರು ಪ್ಲಸ್ ಗುರುತಿನ ಹಿಂದೆ ಬರೀ ಅಂಕಿ. ಆ ಆರರಲ್ಲಿ ಮಧ್ಯಾಹ್ನ ಒಬ್ಬ ಹೋಗಿ ಇನ್ನೊಬ್ಬ ಬಂದರೂ ಆರು ಆರೇ. ಲೆಕ್ಕ ಸರಿ ಇರುತ್ತದೆ, ಮನುಷ್ಯ ಬೇರೆ ಆಗಿರುತ್ತಾನೆ. ನಾನು ಹಾಕಿದ ಮೊದಲ ನಿಯಮ ಇದು: ಪ್ಲಸ್ ಗುರುತು ಬಂದ್. ಒಬ್ಬೊಬ್ಬರಿಗೂ ಒಂದೊಂದು ಸಾಲು, ಕಸ ಗುಡಿಸುವವರಿಗೂ. ಮೂರು ದಿನ ಗೇಟಿನಲ್ಲಿ ಗಲಾಟೆ ಆಯಿತು, ಸಾಲು ಉದ್ದ ಆಯಿತು, ಆಮೇಲೆ ರೂಢಿಯಾಯಿತು.

ಆದರೆ ಗೇಟು ದಾಟಿದ ಮೇಲೆ? ಡಿಸ್ಟಿಲರಿ ಒಂದೇ ಜಾಗ ಅಲ್ಲ. ಕಾಕಂಬಿ ಹುಳಿಸುವ ಫರ್ಮೆಂಟರ್‌ಗಳು, ಕಾಕಂಬಿ ಟ್ಯಾಂಕ್, ಆಲ್ಕೋಹಾಲ್ ಗೋದಾಮು, ಸ್ಪೆಂಟ್ ವಾಶ್ ಕೊಳೆಸುವ ಡೈಜೆಸ್ಟರ್, ಪಂಪ್ ಗುಂಡಿಗಳು. ಒಂದೊಂದರ ಅಪಾಯ ಒಂದೊಂದು ಥರ. ನಾನು ಕಾರ್ಖಾನೆಯ ನಕ್ಷೆ ಹಿಡಿದು ಹಿರಿಯ ಫಿಟ್ಟರ್ ಒಬ್ಬರ ಜೊತೆ ಎರಡು ದಿನ ಸುತ್ತಿದೆ. ಎಲ್ಲರೂ ಅವರನ್ನು ಕಾಕಾ ಅಂತ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಮಂಡ್ಯ ಕಡೆಯವನು, ಮೊದಮೊದಲು ಅವರ ಮಾತು ಪೂರ್ತಿ ಹಿಡಿಯಲು ಕಷ್ಟವಾಗುತ್ತಿತ್ತು. ಆದರೆ ಯಾವ ಮುಚ್ಚಳದ ಕೆಳಗೆ ಏನಿದೆ ಅನ್ನುವುದು ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಕ್ಷೆಯಲ್ಲಿ 9 ಮ್ಯಾನ್‌ಹೋಲ್ ಇದ್ದವು. ನಾವು ನಡೆದು ಎಣಿಸಿದಾಗ 17 ಸಿಕ್ಕವು. ಎಲ್ಲದಕ್ಕೂ ಕೆಂಪು ಬಣ್ಣದಲ್ಲಿ ನಂಬರ್ ಬರೆಸಿ, ಮುಚ್ಚಳಕ್ಕೆ ಸರಪಳಿ ಹಾಕಿ ಬೀಗ ಹಾಕಿಸಿದೆವು. ಕೀಲಿ ಶಿಫ್ಟ್ ಇಂಚಾರ್ಜ್ ಹತ್ತಿರ. ಒಳಗಿಳಿಯಲು ಬರೆದುಕೊಡುವ ಪರ್ಮಿಟ್ ಇಲ್ಲದೆ ಕೀಲಿ ಇಲ್ಲ.

ಪರ್ಮಿಟ್ ಪುಸ್ತಕ ಅಲ್ಲಿ ಮೊದಲೂ ಇತ್ತು. ಕಷ್ಟ ಏನೆಂದರೆ ಅದನ್ನು ಆಫೀಸಿನಲ್ಲೇ ಕೂತು ತುಂಬುತ್ತಿದ್ದರು. ಆಮ್ಲಜನಕ 20.9 ಪ್ರತಿಶತ, ಅಂದರೆ ಹೊರಗಿನ ಗಾಳಿಯಲ್ಲಿ ಇರುವಷ್ಟೇ, ಅಂತ ಎಲ್ಲ ಹಾಳೆಯಲ್ಲೂ ಒಂದೇ ಕೈಬರಹ. ನಾನು ಒಂದು ಬದಲಾವಣೆ ಮಾಡಿದೆ. ಮ್ಯಾನ್‌ಹೋಲ್ ಬಾಯಿಯಲ್ಲಿ ನಿಂತೇ ಬರೆಯಬೇಕು. ಅನಿಲ ಅಳೆಯುವ ಮೀಟರಿನ ಟ್ಯೂಬ್ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ, ಮೂರು ಕಡೆ ನೋಡಬೇಕು. ಮೊದಲು ಆಮ್ಲಜನಕ, ಆಮೇಲೆ ಉರಿಯುವ ಅನಿಲ, ಆಮೇಲೆ ವಿಷ. ಆಮ್ಲಜನಕ 19.5ರಿಂದ 23.5ರ ಒಳಗೆ ಇರಬೇಕು. ಒಂದು ಶಿಫ್ಟಿನ ಪರ್ಮಿಟ್ ಇನ್ನೊಂದು ಶಿಫ್ಟಿಗೆ ನಡೆಯುವುದಿಲ್ಲ. ಒಳಗೆ ಹೋಗುವವರ ಹೆಸರು ಅದರಲ್ಲೇ ಇರಬೇಕು, ಹೊರಗೆ ನಿಂತು ಬಾಯಿ ಕಾಯುವವನ ಹೆಸರೂ.

ಇದ್ಯಾವುದೂ ನನ್ನ ತಲೆಯಿಂದ ಹುಟ್ಟಿದ್ದಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಂ ಇದನ್ನೇ ಹೇಳುತ್ತಿತ್ತು. ಸರಿಯಾದ ದಾರಿ ಇರಬೇಕು, ಬಲ್ಲವರು ಪರೀಕ್ಷೆ ಮಾಡಿ ಬರೆದುಕೊಡಬೇಕು. ಇಲ್ಲದಿದ್ದರೆ ಉಸಿರಾಟದ ಸಾಧನ ಹಾಕಿಕೊಂಡು, ಬೆಲ್ಟಿಗೆ ಹಗ್ಗ ಕಟ್ಟಿ, ಆ ಹಗ್ಗದ ತುದಿಯನ್ನು ಹೊರಗೆ ಒಬ್ಬ ಹಿಡಿದಿರಬೇಕು. ಒಳಗೆ ಒಯ್ಯುವ ದೀಪ 24 ವೋಲ್ಟ್ ಮೀರಬಾರದು ಅಂತ 36ಎ ಹೇಳುತ್ತಿತ್ತು. 1952ರ ಗಣಿ ಕಾಯ್ದೆಯಂತೂ ಇನ್ನೂ ಮುಂದೆ ಹೋಗುತ್ತಿತ್ತು. ಯಾವ ಕ್ಷಣದಲ್ಲಿ ಕೇಳಿದರೂ ನೆಲದ ಕೆಳಗೆ ಯಾರ್ಯಾರಿದ್ದಾರೆ ಅಂತ ಹೆಸರು ತೋರಿಸುವ ರಿಜಿಸ್ಟರ್ ಇರಬೇಕು ಅನ್ನುತ್ತಿತ್ತು. ನನಗೆ ಬೇಕಾಗಿದ್ದೂ ಅದೇ. ಗಣಿಯವರಿಗೆ ಸಾಧ್ಯವಾದದ್ದು ನಮಗೇಕೆ ಆಗಬಾರದು?

ದಾರಿ ತೋರಿಸಿದ್ದು ಕಾಕಾ. "ಗುಡಿ ಮುಂದ ಚಪ್ಪಲಿ ಕಾಯಾಂವ ಇರ್ತಾನಲ್ರಿ, ಅವನಂಗ ಮಾಡ್ರಿ. ಬಿಲ್ಲೆ ಕೊಡದ ಚಪ್ಪಲಿ ಕೊಡ್ತಾನೇನು?"

ಒಂದೇ ಮಾತು, ಆದರೆ ಅದರಲ್ಲಿ ಎಲ್ಲ ಇತ್ತು. ಪ್ಲಾಸ್ಟಿಕ್ ಕಾರ್ಡು ಸ್ಟೀಮಿಗೆ ಸೊಟ್ಟಗಾಗುತ್ತದೆ, ಕಾಕಂಬಿ ಮೆತ್ತಿದರೆ ಹೆಸರು ಕಾಣುವುದಿಲ್ಲ ಅಂತ ಕಾಕಾ ಹಿತ್ತಾಳೆ ತಗಡು ಕತ್ತರಿಸಿ ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಬಿಲ್ಲೆಗಳನ್ನು ಮಾಡಿದರು. ನಂಬರ್ ಪಂಚ್ ಇಟ್ಟು ಸುತ್ತಿಗೆಯಲ್ಲಿ ಒಂದೊಂದೇ ಅಂಕಿ ಹೊಡೆದರು. ಒಬ್ಬೊಬ್ಬರಿಗೆ ಎರಡು ಬಿಲ್ಲೆ, ಎರಡಕ್ಕೂ ಒಂದೇ ನಂಬರ್. ಒಂದು ಸೊಂಟದ ಬೆಲ್ಟಿನಲ್ಲೇ ಇರುತ್ತದೆ. ಇನ್ನೊಂದನ್ನು ಒಳಗಿಳಿಯುವ ಮುನ್ನ ಬಾಯಿ ಕಾಯುವವನ ಹಲಗೆಗೆ ತಾನೇ ನೇತುಹಾಕಬೇಕು. ಹೊರಗೆ ಬಂದಾಗ ತಾನೇ ತೆಗೆದುಕೊಳ್ಳಬೇಕು. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹಲಗೆಯಲ್ಲಿ ಬಿಲ್ಲೆ ಇದೆ ಅಂದರೆ ಒಳಗೆ ಮನುಷ್ಯ ಇದ್ದಾನೆ. ಹಲಗೆ ಖಾಲಿಯಾಗುವವರೆಗೆ ಮುಚ್ಚಳ ಹಾಕುವಂತಿಲ್ಲ, ವಾಲ್ವ್ ತಿರುಗಿಸುವಂತಿಲ್ಲ.

ಬಿಲ್ಲೆ ಬಂದ ಮೂರನೇ ವಾರ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನಗೆ ಈ ಕೆಲಸದ ಬಗ್ಗೆ ಜಾಸ್ತಿ ಕಲಿಸಿದ್ದು ಆ ದಿನ.

ಮೂರನೇ ನಂಬರ್ ಫರ್ಮೆಂಟರ್ ಒಳಗೆ ಕೂಲಿಂಗ್ ಕಾಯಿಲ್ ರಿಪೇರಿ. ಒಂದೂವರೆ ಲಕ್ಷ ಲೀಟರ್ ಹಿಡಿಯುವ ಟ್ಯಾಂಕು. ಖಾಲಿ ಮಾಡಿ, ತೊಳೆದು, ಒಂದು ಇಡೀ ರಾತ್ರಿ ಒಳಗೆ ಗಾಳಿ ಊದುವ ಬ್ಲೋವರ್ ಹಾಕಿದ್ದೆವು. ಬೆಳಿಗ್ಗೆ 10ಕ್ಕೆ ಪರೀಕ್ಷೆ ಮಾಡಿದಾಗ ಎಲ್ಲ ಸರಿ ಇತ್ತು. ಇಬ್ಬರು ಒಳಗೆ ಹೋದರು, ಹಲಗೆಯಲ್ಲಿ ಎರಡು ಬಿಲ್ಲೆ. ಬಾಯಿ ಕಾಯುತ್ತಿದ್ದವರು ಕಾಕಾ. ಬ್ಲೋವರ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ ಅಂತ ಅದನ್ನು ಯಾರೋ ಬಂದ್ ಮಾಡಿದ್ದರು. ಐದು ನಿಮಿಷಕ್ಕೊಮ್ಮೆ ಕಾಕಾ ಹೆಸರು ಹಿಡಿದು ಕೂಗುತ್ತಿದ್ದರು, ಒಳಗಿನಿಂದ "ಓ" ಅನ್ನಬೇಕು. 11:30ರ ಹೊತ್ತಿಗೆ "ಓ" ಬಂತು, ಆದರೆ ಕಾಕಾಗೆ ಆ ದನಿ ಹಿಡಿಸಲಿಲ್ಲ. ಏದುಸಿರು ಬಿಡುವವನ ದನಿ. "ಯಾಕೋ ತಮ್ಮಾ, ಹ್ಯಾಂಗದಿ?" ಅಂದರು. "ತಲಿ ಭಾಳ ನೋಯಾಕತ್ತೈತಿ ಕಾಕಾ." ಮರುಮಾತಿಲ್ಲ, ಇಬ್ಬರನ್ನೂ ಹೊರಗೆ ಕರೆದರು.

ನಾನು ಓಡಿ ಬಂದು ಮೀಟರ್ ನೋಡಿದೆ. ಆಮ್ಲಜನಕ 19.9. ಉರಿಯುವ ಅನಿಲ ಸೊನ್ನೆ, ಹೈಡ್ರೋಜನ್ ಸಲ್ಫೈಡ್ ಸೊನ್ನೆ, ಕಾರ್ಬನ್ ಮಾನಾಕ್ಸೈಡ್ ಸೊನ್ನೆ. ಅಲಾರಂ ಇಲ್ಲ. ಮೀಟರ್ ಪ್ರಕಾರ ಟ್ಯಾಂಕಿನಲ್ಲಿ ಯಾವ ತೊಂದರೆಯೂ ಇಲ್ಲ. ಆದರೆ ಹುಡುಗ ಎದುರಿಗೆ ತಲೆ ಹಿಡಿದು ಕೂತಿದ್ದಾನೆ.

ಅನಿಲ ತೊಳೆಯುವ ಸ್ಕ್ರಬ್ಬರ್ ನೋಡಲು ಬಂದಿದ್ದ ಒಬ್ಬ ಇಂಜಿನಿಯರ್ ಹತ್ತಿರ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ಇತ್ತು. ಕೇಳಿ ತಂದು ಇಳಿಬಿಟ್ಟೆ. ತಳದಲ್ಲಿ 4.6 ಪ್ರತಿಶತ ತೋರಿಸಿತು. ಹೊರಗಿನ ಗಾಳಿಯಲ್ಲಿ ಇರುವುದು 0.04 ಮಾತ್ರ. 4 ಪ್ರತಿಶತ ಅಂದರೇ ಜೀವಕ್ಕೆ ಅಪಾಯ ಅಂತ ಲೆಕ್ಕ.

ಆಗ ಕೂತು ಲೆಕ್ಕ ಹಾಕಿದೆ. ಟ್ಯಾಂಕಿನ ಗಾಳಿಯಲ್ಲಿ 4.6 ಪಾಲು ಇಂಗಾಲದ ಡೈಆಕ್ಸೈಡ್ ಸೇರಿದರೆ ಉಳಿದ ಗಾಳಿ 95.4 ಪಾಲು. ಅದರಲ್ಲಿ ಆಮ್ಲಜನಕ 20.9ರ ಬದಲು 19.9. ಅಂದರೆ ಇಂಗಾಲದ ಡೈಆಕ್ಸೈಡ್ ಜೀವಕ್ಕೆ ಅಪಾಯದ ಮಟ್ಟಕ್ಕೆ ಬಂದರೂ ಆಮ್ಲಜನಕ 19.5ರ ಗೆರೆಗಿಂತ ಮೇಲೇ ಇರುತ್ತದೆ. ಎಲ್ಲ ಕಡೆ ಬಳಸುವ ನಾಲ್ಕು ಅನಿಲದ ಮೀಟರ್‌ನಲ್ಲಿ ಇಂಗಾಲದ ಡೈಆಕ್ಸೈಡ್‌ಗೆ ಸೆನ್ಸರ್ ಇಲ್ಲ. ಡಿಸ್ಟಿಲರಿಯಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಮೀಟರ್ ತೆಗೆದು ನೋಡಿ. ಆ ಸೆನ್ಸರ್ ಇಲ್ಲದಿದ್ದರೆ ಫರ್ಮೆಂಟರ್‌ಗೆ ಯಾರನ್ನೂ ಇಳಿಸಬೇಡಿ. ಕಾಕಂಬಿ ಹುಳಿಯುವಾಗ ಒಂದು ಲೀಟರ್ ಆಲ್ಕೋಹಾಲ್ ಜೊತೆಗೆ ಸುಮಾರು ಮುಕ್ಕಾಲು ಕೆಜಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅನಿಲದ ಲೆಕ್ಕದಲ್ಲಿ 400 ಲೀಟರ್. ಅದಕ್ಕೆ ಬಣ್ಣ ಇಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ.

ತೊಳೆದ ಟ್ಯಾಂಕಿಗೆ ಅದು ಬಂದಿದ್ದು ಎಲ್ಲಿಂದ? ಎಲ್ಲ ಫರ್ಮೆಂಟರ್‌ಗಳ ಅನಿಲ ಒಂದೇ ದೊಡ್ಡ ಪೈಪಿಗೆ ಸೇರಿ ಸ್ಕ್ರಬ್ಬರ್‌ಗೆ ಹೋಗುತ್ತದೆ. ಪಕ್ಕದ ನಾಲ್ಕನೇ ನಂಬರ್ ಓಡುತ್ತಿತ್ತು. ನಮ್ಮ ಟ್ಯಾಂಕಿನ ವಾಲ್ವ್ ಮುಚ್ಚಿತ್ತು, ಆದರೆ ವಾಲ್ವ್ ಸೀಟು ಸವೆದಿತ್ತು. ಬ್ಲೋವರ್ ನಿಂತ ಕೂಡಲೇ ಅನಿಲ ಹಿಂದಕ್ಕೆ ಜಾರಿ ತಳದಲ್ಲಿ ತುಂಬಿಕೊಂಡಿತು. ಅವತ್ತಿನಿಂದ ನಮ್ಮಲ್ಲಿ ವಾಲ್ವ್ ಮುಚ್ಚಿದರೆ ಸಾಲದು. ಪೈಪಿನ ಜೋಡಣೆಯ ಫ್ಲೇಂಜ್ ಬಿಚ್ಚಿ ನಡುವೆ ಕಬ್ಬಿಣದ ತಗಡು ಹಾಕಿ ಬೋಲ್ಟ್ ಬಿಗಿಯಬೇಕು. ಬ್ಲೋವರ್ ಸ್ವಿಚ್ಚಿಗೂ ಬೀಗ. ಹುಡುಗ ಸಂಜೆ ಹೊತ್ತಿಗೆ ಸರಿಹೋದ. ಅವನನ್ನು ಉಳಿಸಿದ್ದು ಮೀಟರ್ ಅಲ್ಲ, ಅವನ ದನಿಯ ಗುರುತು ಇದ್ದ ಮನುಷ್ಯ. ಬಾಯಿ ಕಾಯುವ ಕೆಲಸಕ್ಕೆ ಸುಮ್ನೆ ಕೂತಿರುವ ಹೆಲ್ಪರ್ ಒಬ್ಬನನ್ನು ಹಾಕಿದರೆ ಆಯಿತು ಅಂತ ಈಗಲೂ ಎಷ್ಟೋ ಕಡೆ ತಿಳಿದಿದ್ದಾರೆ. ನನ್ನ ಪ್ರಕಾರ ಅದು ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಅನುಭವ ಬೇಡುವ ಜಾಗ.

ಮುಂದಿನ ವರ್ಷ ಕಾರ್ಡ್ ಸಿಸ್ಟಮ್ ಬಂತು. ಡಿಸ್ಟಿಲರಿಗೆ ಬೇಲಿ, ಬೇಲಿಗೆ ತಿರುಗುವ ಗೇಟು, ಕಾರ್ಡ್ ಮುಟ್ಟಿಸಿದರೆ ತೆರೆಯುತ್ತದೆ. ಆಲ್ಕೋಹಾಲ್ ಆವಿ ಇರುವ ಕಡೆ ಸಾಮಾನ್ಯ ಎಲೆಕ್ಟ್ರಾನಿಕ್ ಸಾಮಾನು ಇಡುವಂತಿಲ್ಲ, ಆದ್ದರಿಂದ ರೀಡರ್‌ಗಳೆಲ್ಲ ಬೇಲಿಯ ಆಚೆಗೇ ಬಂದವು. ಕಂಟ್ರೋಲ್ ರೂಮಿನ ಪರದೆಯಲ್ಲಿ ಹೆಸರು, ಫೋಟೋ, ಒಳಗೆ ಬಂದ ಸಮಯ ಎಲ್ಲ ಕಾಣುತ್ತದೆ. ನನಗೆ ತುಂಬಾ ಖುಷಿಯಾಗಿತ್ತು.

ಮೊದಲ ವಾರವೇ ಒಬ್ಬ ಕಾರ್ಡ್ ಮುಟ್ಟಿಸಿ ಐದು ಜನ ಒಳಗೆ ಬರತೊಡಗಿದರು. ಮತ್ತೆ ಅದೇ ಪ್ಲಸ್ ಗುರುತು! ಒಳಗೆ ಬಂದ ಕಾರ್ಡು ಹೊರಗೆ ಹೋಗದೆ ಮತ್ತೆ ಒಳಗೆ ಬರಲು ಆಗದಂತೆ ಸಾಫ್ಟ್‌ವೇರ್‌ನಲ್ಲಿ ಬಿಗಿ ಮಾಡಿದೆವು, ಸೊಂಟದೆತ್ತರದ ಗೇಟು ತೆಗೆದು ಆಳೆತ್ತರದ್ದು ಹಾಕಿಸಿದೆವು. ಆದರೂ ಜನ ಕಾರ್ಡನ್ನು ಊಟದ ಡಬ್ಬಿಯಲ್ಲಿ ಬಿಟ್ಟು ಬರುತ್ತಿದ್ದರು, "ಮರೆತೆ" ಅನ್ನುತ್ತಿದ್ದರು. ಯಾಕೆ ಅಂತ ಕಾಕಾ ಹೇಳಿದರು: "ಸರ, ಚಾ ಕುಡ್ಯಾಕ ಹೋದ ನಿಮಿಷಾನೂ ಪಗಾರದಾಗ ಮುರೀತಾರಂತ ಮಂದಿ ಅಂಜ್ಯಾರ."

ಅವರ ಅಂಜಿಕೆ ಸುಳ್ಳಾಗಿರಲಿಲ್ಲ. ಹಾಗೆ ಮಾಡಬಹುದು ಅಂತ ಆಫೀಸಿನ ಒಂದು ಮೀಟಿಂಗ್‌ನಲ್ಲಿ ಮಾತು ಬಂದಿತ್ತು. ನಾನು ಅಲ್ಲೇ ವಿರೋಧಿಸಿದೆ. ಜೀವ ಉಳಿಸಲು ಇಟ್ಟ ಲೆಕ್ಕವನ್ನು ಪಗಾರ ಮುರಿಯಲು ಬಳಸಿದರೆ ಜನ ಆ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಾರೆ. ತಪ್ಪಿಸಿಕೊಂಡವನು ಬೆಂಕಿಯ ದಿನ ನಮ್ಮ ಪರದೆಯಲ್ಲಿ ಇರುವುದಿಲ್ಲ. ಎರಡು ತಿಂಗಳು ಬೆನ್ನು ಹತ್ತಿ ಒಂದು ಆದೇಶ ಹೊರಡಿಸಿದೆ: ಬೇಲಿಯೊಳಗಿನ ಕಾರ್ಡ್ ಲೆಕ್ಕವನ್ನು ಹಾಜರಿಗೂ ಪಗಾರಕ್ಕೂ ಬಳಸುವಂತಿಲ್ಲ. ಅದನ್ನು ಗೇಟಿನಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆಸಿದೆವು. ಆಮೇಲೆ ಕಾರ್ಡು ಡಬ್ಬಿಯಿಂದ ಕೊರಳಿಗೆ ಬಂತು.

ಇನ್ನೊಂದು ಕಷ್ಟ ಇತ್ತು. ವೈದ್ಯಕೀಯ ತಪಾಸಣೆ ಅವಧಿ ಮುಗಿದವರಿಗೆ ಗೇಟು ತಾನಾಗಿ ತೆರೆಯುವುದಿಲ್ಲ. ಒಳ್ಳೆಯದೇ. ಆದರೆ ಒಂದು ಬೆಳಿಗ್ಗೆ ಒಬ್ಬ ವೆಲ್ಡರ್ ಗೇಟಿನಲ್ಲೇ ನಿಂತುಬಿಟ್ಟ, ಅವತ್ತಿನ ಕೂಲಿ ಹೋಯಿತು. ಅದರಲ್ಲಿ ಅವನ ತಪ್ಪೇನು? ಆಮೇಲಿಂದ ಹದಿನೈದು ದಿನ ಮೊದಲೇ ಪಟ್ಟಿ ತೆಗೆದು, ಕೆಲಸದ ವೇಳೆಯಲ್ಲೇ ತಪಾಸಣೆ ಮಾಡಿಸುತ್ತೇವೆ.

ಕಾರ್ಡು ಬಂದ ಮೇಲೆ ಹಿತ್ತಾಳೆ ಬಿಲ್ಲೆ ಏಕೆ, ತೆಗೆದುಹಾಕಿ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಬೇಲಿಯೊಳಗೆ ಯಾರಿದ್ದಾರೆ ಅಂತ ಕಾರ್ಡು ಹೇಳುತ್ತದೆ. ಟ್ಯಾಂಕಿನೊಳಗೆ ಯಾರಿದ್ದಾರೆ ಅಂತ ಹೇಳುವುದು ಬಿಲ್ಲೆಯೇ. ಕರೆಂಟು ಹೋದರೂ ಅದು ಕಾಣುತ್ತದೆ, ಕತ್ತಲಲ್ಲಿ ಕೈಯಿಂದ ತಡವಿದರೂ ನಂಬರ್ ಗೊತ್ತಾಗುತ್ತದೆ.

ಒಮ್ಮೆ ನಾನೇ ಒಳಗೆ ಹೋಗಬೇಕಾಯಿತು. ಕಾಯಿಲ್ ಬೆಸುಗೆ ನೋಡಿ ಬರೋಣ ಅಂತ ಬೆಲ್ಟ್ ಕಟ್ಟಿಕೊಂಡು ಬಂದೆ. ಬಾಯಿ ಕಾಯುತ್ತಿದ್ದವನು ಅದೇ ಪಂಪ್ ಗುಂಡಿಯ ಹುಡುಗ. ಪರ್ಮಿಟ್ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಓದಿದ. "ನಿಮ್ಮ ಹೆಸರು ಇದರಾಗ ಇಲ್ರಿ ಸರ." ಎರಡೇ ನಿಮಿಷದ ಕೆಲಸ ಅಂತ ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಶಿಫ್ಟ್ ಇಂಚಾರ್ಜ್ ಬಂದು, ಮತ್ತೆ ಗಾಳಿ ನೋಡಿ, ಹೆಸರು ಸೇರಿಸಲು 25 ನಿಮಿಷ ಹಿಡಿಯಿತು. ಆಮೇಲೆ ನನ್ನ ಬಿಲ್ಲೆ ಹಲಗೆಗೆ ಹಾಕಿ ಇಳಿದೆ. ಒಳಗೆ ನಮ್ಮ ಉಸಿರೇ ನಮಗೆ ದೊಡ್ಡದಾಗಿ ಕೇಳುತ್ತದೆ. ಮ್ಯಾನ್‌ಹೋಲ್ ದೂರದ ಚಂದ್ರನ ಹಾಗೆ ಕಾಣುತ್ತದೆ. ಐದು ನಿಮಿಷಕ್ಕೊಮ್ಮೆ ಆ ಹುಡುಗ ನನ್ನ ಹೆಸರು ಕೂಗಿದಾಗ ಎಷ್ಟು ಧೈರ್ಯ ಬರುತ್ತಿತ್ತು ಅಂದರೆ, ಪ್ರತಿ ಸಲವೂ ಬೇಕಾದ್ದಕ್ಕಿಂತ ಜೋರಾಗಿ "ಓ" ಅಂದೆ.

ಕಳೆದ ಮಳೆಗಾಲದ ಒಂದು ರಾತ್ರಿ. ಎರಡನೇ ನಂಬರ್ ಫರ್ಮೆಂಟರ್ ಕೆಲಸ ಮುಗಿದಿತ್ತು. ರಾತ್ರಿ 10ಕ್ಕೆ ಶಿಫ್ಟ್ ಬದಲಾಗುವಾಗ ಹಲಗೆಯಲ್ಲಿ ಒಂದು ಬಿಲ್ಲೆ ಉಳಿದಿತ್ತು, 27. ಲೈಟ್ ಬಿಟ್ಟು ನೋಡಿದೆವು, ಒಳಗೆ ಯಾರೂ ಕಾಣಲಿಲ್ಲ. ಮತ್ತೆ ಗಾಳಿ ಪರೀಕ್ಷೆ ಮಾಡಿ, ಪರ್ಮಿಟ್ ಬರೆದು, ಒಬ್ಬನನ್ನು ಇಳಿಸಿ ಕಾಯಿಲ್ ಹಿಂದೆಯೂ ನೋಡಿಸಿದೆವು. ಇಲ್ಲ. ಗೇಟಿನ ಕಾರ್ಡ್ ಲೆಕ್ಕದಲ್ಲಿ ಆ ಬಿಲ್ಲೆಯವನು 9:40ಕ್ಕೇ ಹೊರಗೆ ಹೋಗಿದ್ದ. ಫೋನ್ ಸ್ವಿಚ್ ಆಫ್. ಪ್ರೊಡಕ್ಷನ್‌ನವರಿಗೆ ಆ ಟ್ಯಾಂಕು ಆ ರಾತ್ರಿಯೇ ತುಂಬಬೇಕಿತ್ತು. ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಆಯಿತಲ್ಲ, ಬಿಲ್ಲೆ ತೆಗೆದು ಮುಚ್ಚಳ ಹಾಕಿ ಅಂದರು. ಕಾಕಾ ಹಲಗೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. ನಾನೂ ಪಕ್ಕದಲ್ಲಿ ನಿಂತೆ. ಅವನ ಊರಿಗೆ ಒಬ್ಬನನ್ನು ಬೈಕಿನಲ್ಲಿ ಕಳಿಸಿದೆವು.

ಒಂದು ಗಂಟೆಗೆ ಸ್ವಲ್ಪ ಮೊದಲು ಅವನು ಬಂದ. ಬೈಕಿನವನು ಅವನ ಮನೆ ತಲುಪುವ ಮೊದಲೇ ಸೈಕಲ್ ಹತ್ತಿ ಹೊರಟಿದ್ದನಂತೆ. ಊಟಕ್ಕೆ ಕೂತಾಗ ಬೆಲ್ಟಿನ ಬಿಲ್ಲೆ ಒಂದೇ ಇದ್ದದ್ದು ನೆನಪಾಯಿತಂತೆ. ಅಂಗಿ ಪೂರ್ತಿ ತೊಯ್ದಿತ್ತು. ಯಾರ ಜೊತೆಯೂ ಮಾತಾಡಲಿಲ್ಲ. ನೇರ ಹಲಗೆಯ ಹತ್ತಿರ ಹೋಗಿ, ಒದ್ದೆ ಕೈಯಿಂದ 27ನ್ನು ತೆಗೆದುಕೊಂಡು, ಕಾಕಾ ಕಡೆ ತಿರುಗಿ "ಬಂದೆ ಕಾಕಾ" ಅಂದ.

ಕಾಕಾ ಎದ್ದು ಮುಚ್ಚಳ ಹಾಕಿಸಿದರು.